ರೂಮಿ ಟೋಪಿಯೊಳಗಿನ ಮರಿ

ಇಂಥ ಪ್ರಸಂಗಗಳು ನಮ್ಮ ಮನೆಯ ವಿಳಾಸ ಕೇಳಿಕೊಂಡೇ ಬರುತ್ತವೆ. ಭಾಲ್ಕಿಯಲ್ಲಿ ನಿಜಾಮರ ರಾಜ್ಯ ಮುಗಿಸಿದ ಪೊಲೀಸ್ ಆಕ್ಷನ್ನಿನ ಮಾತು ತೆಗೆದರೆ ಒಬ್ಬೊಬ್ಬರು ವಿಮಾನ ಅನ್ನುತ್ತಾರೆ, ಫೌಜು ಅನ್ನುತ್ತಾರೆ, ತಾವು ಎದೆಯೊಡ್ಡಿ ನಿಂತ ಕಥೆ ಹೇಳುತ್ತಾರೆ. ಅಷ್ಟು ಎದೆಗಳು ಆಗ ಎಲ್ಲಿದ್ದವೋ, ನನಗಂತೂ ಕಾಣಲಿಲ್ಲ. ನಾನು ಕಂಡದ್ದು ಒಂದು ಬೆಕ್ಕಿನ ಮರಿಯ ಕಟ್ಟಿಕೊಂಡ ಮೂಗು. ಆ ದಿನಗಳಲ್ಲೆಲ್ಲ ನಾನು ಅದನ್ನೇ ಒರೆಸಿದೆ.

ಮರಿ ಬಂದದ್ದು

ನಾನು ಆಗ ಹೊಸ ಸೊಸೆ. ಗಂಡ ಗಲಾಟೆಗೆ ಹೆದರಿ ಸೊಲ್ಲಾಪುರದ ಕಡೆ ಹೋಗಿದ್ದರು. ಮನೆಯಲ್ಲಿ ಅತ್ತೆ, ಮಾವ, ನಾನು. ಪಕ್ಕದ ಮನೆ ಟಾಂಗಾದವರದು. ಆ ಮನೆಯ ಯಜಮಾನರು ಸ್ಟೇಷನ್ನಿನಿಂದ ಟಾಂಗಾ ಹೊಡೆಯುತ್ತಿದ್ದರು, ಅವರ ಹೆಂಡತಿಯನ್ನು ಓಣಿಯೆಲ್ಲ ಚಾಚಿ ಅನ್ನುತ್ತಿತ್ತು. ನಿಜಾಮರ ಕಾಲದ ಕೊನೆಗೆ ಅವರ ಪರವಾಗಿ ಗುಂಪು ಕಟ್ಟಿಕೊಂಡು ಬಂದವರು ನಮ್ಮ ಬಾಗಿಲು ಬಡಿದಾಗ, ಆ ಟಾಂಗಾದವರು ಕೈಯಲ್ಲಿ ಚಾಬೂಕು ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಗುಂಪು ಮುಂದೆ ಹೋಯಿತು.

ಈಗ ಗಾಳಿ ತಿರುಗಿ, ಮುಸಲ್ಮಾನರು ಹೆದರುವ ಸರದಿ ಬಂದಿತ್ತು. ಭಾರತದ ಫೌಜು ಬಂತು ಅನ್ನುವ ಸುದ್ದಿಗೆ ಅವರು ಟಾಂಗಾ ಕಟ್ಟಿ ಬೀದರಿನ ನೆಂಟರ ಮನೆಗೆ ಹೊರಟರು. ಹೊರಡುವ ಮುಂಚೆ ಚಾಚಿ ಓಡುತ್ತ ನಮ್ಮ ಅಡುಗೆಮನೆಗೆ ಬಂದರು. ಚಿನ್ನ ಬೆಳ್ಳಿ ಇಡಲು ಬಂದರೇನೋ ಅಂದುಕೊಂಡೆ. ಸೆರಗಿನೊಳಗಿಂದ ತೆಗೆದದ್ದು ಒಂದು ಬೆಕ್ಕಿನ ಮರಿ. ಕಣ್ಣು ಕೀವಿನಿಂದ ಅಂಟಿಹೋಗಿತ್ತು, ಉಸಿರು ಗೊರಗೊರ ಅನ್ನುತ್ತಿತ್ತು. ತಾಯಿಬೆಕ್ಕು ಸತ್ತಿತ್ತಂತೆ.

"ಅಕ್ಕಾ, ಟಾಂಗಾದಾಗ ಇದು ಬದುಕಂಗಿಲ್ಲ. ದಸರಾಕ್ಕ ಬರ್ತೇನಿ. ಅಲ್ಲಿತನಕ ಇದಕ್ಕ ಜೀವ ಇರಲಿ," ಅಂದರು ಅತ್ತೆಗೆ.

ಏನು ತಿನ್ನುತ್ತದೆ ಅಂತ ಅತ್ತೆ ಕೇಳಿದರು. ಮಟನ್ ಶೋರ್ವಾ ಬಿಟ್ಟರೆ ಏನನ್ನೂ ಮೂಸುವುದಿಲ್ಲ ಅಂದರು ಚಾಚಿ. ಲಿಂಗಪೂಜೆ ಆಗದೆ ಒಲೆಯನ್ನೇ ಹಚ್ಚದ ಮನೆ ನಮ್ಮದು. ಅತ್ತೆ ಮರಿಯ ಮುಖ ನೋಡಿದರು, ಚಾಚಿಯ ಮುಖ ನೋಡಿದರು. "ನೀ ನಿಶ್ಚಿಂತಿ ಹೋಗವ್ವ. ಊರೇ ಬದಲಾಗ್ಲಿಕ್ಕ ಹತ್ಯಾದ, ಇದಿಷ್ಟು ನಾಲಿಗಿ ಬದಲು ಮಾಡಲಿಲ್ಲಂದ್ರ ಹ್ಯಾಂಗ?"

ದವಾಖಾನೆ

ಮರಿ ಹಾಲು ಮುಟ್ಟಲಿಲ್ಲ. ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಪಕ್ಕದಿಂದ ಸುರಿದುಹೋಗುತ್ತಿತ್ತು. ಕೈಯಲ್ಲಿ ಹಿಡಿದರೆ ಬರೀ ಎಲುಬು. ಮಾವ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಹೋದರು. ಡಾಕ್ಟರರು ಔರಾದಿನ ಕಡೆ ಹೋದವರು ತಿರುಗಿ ಬಂದಿರಲಿಲ್ಲ. ಅವರು ಯಾವ ಸರ್ಕಾರದ ಡಾಕ್ಟರು ಅನ್ನುವುದು ಅವರಿಗೇ ತಿಳಿಯದ ದಿನಗಳು. ಕಂಪೌಂಡರ್ ಇದ್ದ. ಕುರ್ಚಿಯಲ್ಲಿ ಅರ್ಧ ಕೂತು ಅರ್ಧ ಎದ್ದ ಹಾಗಿದ್ದನಂತೆ.

ಈ ಬೇನೆ ಶುರುವಾದದ್ದು ಯಾವಾಗ ಅಂತ ಕೇಳಿದ. ಫೌಜು ಬರುವ ಮುಂಚೆ ಅಂದರು ಮಾವ. ಅವನ ಮುಖ ಇಳಿಯಿತು. ಹಾಗಾದರೆ ಇದು ಹಳೇ ಸರ್ಕಾರದ ಬೇನೆ, ಇದ್ದ ಔಷಧಕ್ಕೆ ಹೊಸ ಸರ್ಕಾರದವರು ಸೀಲು ಹಾಕಿದ್ದಾರೆ, ಮೇಲಿನಿಂದ ಹುಕುಂ ಬರುವವರೆಗೆ ತಾನು ಶೀಶೆಯ ಬಿರಡೆ ತೆಗೆಯುವಂತಿಲ್ಲ ಅಂದ. ಅಷ್ಟರೊಳಗೆ ಮರಿ ಸಾಯುತ್ತದಲ್ಲ ಅಂದರೆ, ಅವನು ಧೈರ್ಯ ಹೇಳಿದ.

"ಸತ್ರ ಚಿಂತಿ ಮಾಡಬ್ಯಾಡ್ರಿ ಕಾಕಾ. ಅದು ಹೊಸ ಸರ್ಕಾರದಾಗ ಸತ್ತಂಗ ಆಗ್ತದ. ಅದಕ್ಕೇನೂ ತಕರಾರು ಇಲ್ಲ."

ವಿಭೂತಿ

ನಮ್ಮ ಅತ್ತೆಯದೊಂದು ಕಾನೂನು. ಅದಕ್ಕೆ ಯಾವ ಸರ್ಕಾರ ಬಂದರೂ ತಿದ್ದುಪಡಿ ಇಲ್ಲ. ಹಣೆಯ ಮೇಲೆ ವಿಭೂತಿ ಇಲ್ಲದವರಿಗೆ ನಮ್ಮ ಅಡುಗೆಮನೆಯಲ್ಲಿ ತುತ್ತು ಇಲ್ಲ. ಕೂಸಿಗೂ ಅಷ್ಟೇ, ಬೀಗರಿಗೂ ಅಷ್ಟೇ. ಮದುವೆಯಾಗಿ ಬಂದ ಮೊದಲ ದಿನ ನಾನು ತಲೆನೋವೆಂದು ಬಾಡಿದ ಮುಖದಲ್ಲಿ ಎದ್ದು ಬಂದರೆ, ಮೊದಲು ಹಣೆಗೆ ಮೂರು ಗೆರೆ ಎಳೆದು ಆಮೇಲೆ ಏನಾಯಿತು ಅಂತ ಕೇಳಿದವರು.

ಆ ದಿನ ಮರಿಯ ತಲೆ ಜೋಲುಬಿದ್ದಿತ್ತು. ಬಾಯಿಂದ ಉಸಿರು ಎಳೆಯುತ್ತಿತ್ತು. ನಾನು ಅಳುತ್ತಿದ್ದೆ. ಯಾಕೆ ಅಳುತ್ತಿದ್ದೆನೋ, ಗಂಡನ ಸುದ್ದಿ ಇರಲಿಲ್ಲ, ಟಾಂಗಾದವರ ಸುದ್ದಿ ಇರಲಿಲ್ಲ, ಹೊರಗೆ ಒಳ್ಳೆಯ ಸುದ್ದಿಯೇ ಇರಲಿಲ್ಲ. ಈ ಮರಿಯಾದರೂ ಉಳಿಯಲಿ ಅನ್ನಿಸಿತ್ತು. ಅತ್ತೆ ಬಂದು ನೋಡಿದರು. ಇಷ್ಟು ದಿನ ಬೋಳು ಹಣೆಯ ಮರಿಗೆ ಹಾಲು ಹಾಕುತ್ತಿದ್ದೆಯಾ, ಹೇಗೆ ಇಳಿಯಬೇಕು ಅಂತ ನನಗೇ ಬೈದು, ವಿಭೂತಿ ಗಟ್ಟಿಯನ್ನು ತಿಕ್ಕಿ ಮರಿಯ ಹಣೆಗೆ ಬಳಿದರು. ಅಷ್ಟು ಸಣ್ಣ ಹಣೆ, ಅವರ ಅಷ್ಟು ದಪ್ಪ ಬೆರಳು. ಅರ್ಧ ವಿಭೂತಿ ಮೂಗಿಗೆ ಹೋಯಿತು.

ಮರಿ ಸೀನಿತು. ಒಂದಾದ ಮೇಲೊಂದು ಸೀನಿತು. ಕಟ್ಟಿಕೊಂಡಿದ್ದದ್ದೆಲ್ಲ ಅತ್ತೆಯ ಸೀರೆಯ ಮೇಲೆ ಬಂತು. ಮೂಗು ಬಿಚ್ಚಿದ್ದೇ ತಡ ಅದಕ್ಕೆ ಹಾಲಿನ ವಾಸನೆ ಹತ್ತಿತು, ತೆವಳಿಕೊಂಡು ಹೋಗಿ ಬಟ್ಟಲಿಗೆ ಮುಖ ಇಟ್ಟಿತು. ವಾಸನೆ ಸಿಗದೆ ಬೆಕ್ಕು ತಿನ್ನುವುದಿಲ್ಲ ಅನ್ನುವುದು ನನಗೆ ಆಮೇಲೆ ಎಷ್ಟೋ ವರ್ಷಕ್ಕೆ ತಿಳಿಯಿತು. ಅತ್ತೆಗೆ ಹೇಳಿ ನೋಡಿದೆ. ಕೇಳಿಕೊಳ್ಳಲಿಲ್ಲ. ಅವರ ಪ್ರಕಾರ ಬೀದರ್ ಜಿಲ್ಲೆಯಲ್ಲಿ ಆ ವರ್ಷ ನೆಟ್ಟಗೆ ಕೆಲಸ ಮಾಡಿದ್ದು ಆ ವಿಭೂತಿ ಒಂದೇ.

ಟೋಪಿ

ಬದುಕಿತು ಅಂದರೆ ಪೂರ್ತಿ ಬದುಕಲಿಲ್ಲ. ಮೈ ತಣ್ಣಗಾಗುತ್ತಿತ್ತು, ಹೊಟ್ಟೆ ಕೆಡುತ್ತಿತ್ತು. ಒಲೆಯ ಪಕ್ಕ ಬೆಚ್ಚಗೆ ಇಡಲು ಏನು ಹುಡುಕಿದರೂ ಸರಿಬರಲಿಲ್ಲ. ಕೊನೆಗೆ ಮಾವನ ರೂಮಿ ಟೋಪಿ ಸಿಕ್ಕಿತು, ಕೆಂಪು ಉಣ್ಣೆಯದು, ಕರೀ ಗೊಂಡೆಯದು. ನಿಜಾಮರ ಕಾಲದಲ್ಲಿ ಕಚೇರಿಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಹಾಕದೆ ಹೋದರೆ ಕೆಲಸ ಆಗುತ್ತಿರಲಿಲ್ಲ. ತಲೆಕೆಳಗು ಮಾಡಿ ಇಟ್ಟರೆ ಮರಿಗೆ ಹೇಳಿ ಮಾಡಿಸಿದ ತೊಟ್ಟಿಲು. ಗೊಂಡೆ ಆಡಿಕೊಳ್ಳಲಿಕ್ಕೆ.

ಆಗ ಓಣಿಯಲ್ಲಿ ಒಬ್ಬ ಅಡತಿ ವ್ಯಾಪಾರಿ, ಕಾಳುಕಡಿಯ ದಲ್ಲಾಳಿ, ಇದ್ದ. ಅವನೂ ಮಾವನೂ ಒಂದೇ ಅಂಗಡಿಯಲ್ಲಿ ಅಂಥ ಟೋಪಿ ಕೊಂಡವರು. ಫೌಜು ಬಂದ ಮಾರನೆಯ ಬೆಳಿಗ್ಗೆಯೇ ಅವನ ತಲೆಯ ಮೇಲೆ ಖಾದಿಯ ಬಿಳಿ ಟೋಪಿ ಹುಟ್ಟಿತ್ತು. ಒಂದಷ್ಟು ಜನರನ್ನು ಹಿಂದೆ ಹಾಕಿಕೊಂಡು ಮನೆಮನೆ ಹೊಕ್ಕ. ಓಡಿಹೋದವರ ಸಾಮಾನು ಯಾರು ಬಚ್ಚಿಟ್ಟಿದ್ದಾರೆ ಅಂತ ಹುಡುಕುತ್ತೇನೆ ಅಂದ. ಸಿಕ್ಕದ್ದು ಎಲ್ಲಿಗೆ ಹೋಗುತ್ತಿತ್ತು ಅಂತ ಯಾರೂ ಕೇಳಲಿಲ್ಲ.

ನಮ್ಮ ಅಡುಗೆಮನೆಗೂ ಬಂದ. ಒಲೆಯ ಪಕ್ಕ ಕೆಂಪು ಟೋಪಿ ಕಂಡು ಅವನ ಕಣ್ಣು ಅರಳಿತು. ಇದು ಯಾರದು ಅಂತ ಗದರಿಸಿದ. ಮಾವ ತಮ್ಮ ತಲೆ ಮುಟ್ಟಿ ನೋಡಿಕೊಂಡರು. ಆ ದಿನಗಳಲ್ಲಿ ಒಂದು ಟೋಪಿಗೆ ಒಂದು ತಲೆ ಹೋಗುತ್ತಿತ್ತು, ತಮಾಷೆಯ ಮಾತಲ್ಲ.

"ಬೆಕ್ಕಿಂದು," ಅಂದರು ಅತ್ತೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. ಅವನು ಬಗ್ಗಿದ. ಒಳಗಿಂದ ಮರಿ, ಹಣೆಯ ತುಂಬ ವಿಭೂತಿ, ಮೇಲೆ ನೋಡಿತು. ಹಿಂದಿದ್ದವರು ಕಿಸಕ್ಕೆಂದರು. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು.

"ಸಾವಕಾರ್ರ, ನಿಮ್ಮ ಹಂತ್ಯಾಕೂ ಇಂಥಾದ್ದೇ ಒಂದು ಇತ್ತಲ್ರಿ. ಈಗ ನೀವು ಹಾಕೋದಿಲ್ಲ, ಕೊಟ್ಟು ಕಳಸ್ರಿ. ಇದು ಉಚ್ಚಿ ಹೊಯ್ದು ಒದ್ದಿ ಮಾಡ್ಯಾದ, ಬದಲಿಗೆ ಇನ್ನೊಂದು ಬೇಕು."

ಅವನು ಮತ್ತೆ ನಮ್ಮ ಮನೆಯೊಳಗೆ ಕಾಲಿಡಲಿಲ್ಲ. ಪಕ್ಕದ ಟಾಂಗಾದವರ ಮನೆಯ ಬೀಗ ಒಡೆದು ಅಲ್ಲಿ ಕಾಲಿಟ್ಟ. ಆಮೇಲೆ ಆ ಕಾಲು ತೆಗೆಯಲೇ ಇಲ್ಲ.

ಪಂಚಾಯ್ತಿ

ದಸರಾ ಹೋಯಿತು, ದೀಪಾವಳಿ ಹೋಯಿತು. ನನ್ನ ಗಂಡ ತಿರುಗಿ ಬಂದರು. ಮರಿ ಬೆಳೆದು ಬೆಕ್ಕಾಯಿತು. ಹಾಲಿನ ಬಟ್ಟಲು ಕಂಡರೆ ಮೊದಲು ಅತ್ತೆಯ ಮುಂದೆ ಹೋಗಿ ಹಣೆ ಒಡ್ಡುವುದನ್ನು ಕಲಿಯಿತು. ಹೋಳಿ ಹುಣ್ಣಿಮೆಯ ಸುಮಾರಿಗೆ ಚಾಚಿ ಬಂದರು. ಒಬ್ಬರೇ. ಟಾಂಗಾ ಬೀದರ್ ಮುಟ್ಟಿರಲಿಲ್ಲ. ದಾರಿಯಲ್ಲಿ ಯಾರೋ ಟಾಂಗಾದವರನ್ನು ಇಳಿಸಿಕೊಂಡಿದ್ದರು, ಅವರು ಮತ್ತೆ ಹತ್ತಲಿಲ್ಲ. ಬೆಕ್ಕಿನ ಹಣೆ ನೋಡಿ ಚಾಚಿ, "ಜೀವ ಉಳಿಸ್ಕೊಳ್ಳಲಿಕ್ಕ ಇದೂ ಜಾತಿ ಬಿಡ್ತೇನು ಅಕ್ಕಾ?" ಅಂದು ನಕ್ಕರು. ನಗು ಅರ್ಧಕ್ಕೇ ಅಳುವಾಯಿತು.

ತಮ್ಮ ಮನೆ ತಮಗೆ ಬೇಕು ಅಂತ ಚಾಚಿ ಓಣಿಯ ಪಂಚರನ್ನು ಕೂಡಿಸಿದರು. ವ್ಯಾಪಾರಿ ಬಂದು, ಈ ಹೆಂಗಸನ್ನು ತಾನು ಜನ್ಮದಲ್ಲಿ ನೋಡಿಲ್ಲ ಅಂದ. ಚಾಚಿಯವರ ಟಾಂಗಾದಲ್ಲೇ ಅವನ ಹೆಂಡತಿ ಬಾಣಂತನಕ್ಕೆ ಹೋಗಿ ಬಂದಿದ್ದಳು. ಈಕೆಯನ್ನು ಯಾರಾದರೂ ಬಲ್ಲಿರಾ ಅಂತ ಹಿರಿಯ ಪಂಚ ಕೇಳಿದ. ಈದ್ ಹಬ್ಬಕ್ಕೆ ಚಾಚಿ ಕೊಟ್ಟ ಶೀರ್ ಕುರ್ಮಾ ಪಾಯಸದ ತಟ್ಟೆ ನೆಕ್ಕಿದ ಓಣಿ ನೆಲ ನೋಡುತ್ತ ನಿಂತಿತು. ನಮ್ಮ ಅತ್ತೆ, ಮಾವ ಇಬ್ಬರೂ ಎದ್ದು, ನಾವು ಬಲ್ಲೆವು, ಮನೆ ಇವರದೇ ಅಂದರು. ಪಂಚ ಕೈ ಎತ್ತಿ ತಡೆದ. ನೀವು ಇವಳ ಬೆಕ್ಕು ಸಾಕಿದವರು, ನಿಮ್ಮದು ಒಂದು ಕಡೆಯವರ ಸಾಕ್ಷಿ, ನಡೆಯುವುದಿಲ್ಲ ಅಂದ.

ಅಷ್ಟರಲ್ಲಿ ಬೆಕ್ಕಿನ ಮಾತು ಬಂತಲ್ಲ, ವ್ಯಾಪಾರಿಗೆ ಅದೂ ಬೇಕಾಯಿತು. ವಿಭೂತಿ ಹಚ್ಚಿದ ಬೆಕ್ಕು ಇವಳದು ಹೇಗಾಗುತ್ತದೆ, ಅದು ತಾನಿರುವ ಮನೆಯದು, ಮೊದಲಿನ ಮಂದಿ ಬಿಟ್ಟು ಹೋದದ್ದು ಅಂದ. ಮೊದಲಿನ ಮಂದಿ ಅಂದರೆ ಯಾರು ಅಂತ ಮಾವ ಕೇಳಿದರು. ಬಾಯಿತಪ್ಪಿ ಒಪ್ಪಿಕೊಂಡದ್ದು ಹೊಳೆದು ಅವನು ಟೋಪಿ ಸರಿಮಾಡಿಕೊಂಡ. ಅಷ್ಟಕ್ಕೆ ಮನೆ ತಿರುಗಿ ಬಂತೆಂದೇ ನಾನು ತಿಳಿದೆ. ಆಗಿನ್ನೂ ಸಣ್ಣವಳು.

ಪಂಚ ಬೆಕ್ಕನ್ನು ನಡುವೆ ಬಿಡಿಸಿದ. ಅದು ಮೈ ಮುರಿದು, ಸುತ್ತ ನೋಡಿ, ನೆಟ್ಟಗೆ ಹೋಗಿ ಚಾಚಿಯ ಬುರ್ಖಾದೊಳಗೆ ಸೇರಿಕೊಂಡಿತು. ಗುರುತು ಹಿಡಿಯಿತೋ, ಬೆಚ್ಚಗಿದೆ ಅಂತ ಹೋಯಿತೋ, ನಾನು ಪ್ರಮಾಣ ಮಾಡಲಾರೆ. ಪಂಚ ತೀರ್ಪು ಕೊಟ್ಟ.

"ಬೆಕ್ಕು ಗುರುತು ಹಿಡೀತು, ಬೆಕ್ಕು ಈಕೀದು. ಮನಿ ಗುರುತು ಹಿಡದಿಲ್ಲ, ಮನಿ ಇದ್ದವರಿಗೇ ಇರಲಿ."

ಓಣಿಯೆಲ್ಲ ಹೊಟ್ಟೆ ಹಿಡಿದು ನಕ್ಕಿತು. ನ್ಯಾಯ ಆಯಿತು ಅಂತ ಕೆಲವರು ನಿಜವಾಗಿಯೂ ನಂಬಿದರು. ಈಗಲೂ ಆ ನಗು ನೆನೆದರೆ ನನಗೆ ಮೈ ಉರಿಯುತ್ತದೆ.

ಚಾಚಿ ಬೆಕ್ಕನ್ನು ಎತ್ತಿಕೊಂಡು ಹೊರಟರು. ಹಣೆ ಬೋಳಿದ್ದರೆ ಇದು ಹಾಲು ಕುಡಿಯುವುದಿಲ್ಲ ಅಂತ ಅತ್ತೆ ವಿಭೂತಿ ಗಟ್ಟಿಯನ್ನು ಅವರ ಗಂಟಿನೊಳಗೆ ತುರುಕಿದರು. ಸ್ವಂತ ಮನೆಯ ಮುಂದೆ ಚಾಚಿ ಒಂದು ಗಳಿಗೆ ನಿಂತರು. ವ್ಯಾಪಾರಿ ಹೊಸ್ತಿಲಲ್ಲೇ ನಿಂತಿದ್ದ. ಗೆದ್ದವನಿಗೆ ಇನ್ನೂ ಒಂದು ಆಸೆ ಉಳಿದಿತ್ತು.

"ಬೆಕ್ಕು ಬಿಟ್ಟು ಹೋಗ್ರಿ. ಮನ್ಯಾಗ ಇಲಿ ಭಾಳ ಆಗ್ಯಾವ," ಅಂದ.

"ಇರಲಿ ಬಿಡ್ರಿ ಸಾವಕಾರ್ರ. ಆ ಇಲಿನೂ ನಮ್ಮವೇ ಅವ," ಅಂದರು ಚಾಚಿ. "ಅವಕ್ಕ ನನ್ನ ಗುರುತು ಇರ್ತದ. ಚಲೋತಂಗ ನೋಡ್ಕೋರಿ."