ಮೂರು ಬಕೆಟ್ಟಿನ ಮೈನಸ್

ಗುಮಾಸ್ತರ ತಲೆ ಪೂರ್ತಿ ಸೋಪಿನ ನೊರೆಯಾಗಿದ್ದಾಗಲೇ ನಲ್ಲಿ ಒಮ್ಮೆ ತೇಗಿ ಸುಮ್ಮನಾಯಿತು. ಗಂಟೆ ಒಂಬತ್ತೂವರೆ. ಹನ್ನೊಂದು ವರ್ಷ ಕಾದ ಬಡ್ತಿಯ ಸಂದರ್ಶನ ಹತ್ತೂವರೆಗೆ.

ತಪ್ಪು ತೂತುಬಿದ್ದ ಪೈಪಿನದು. ಎರಡು ನಿಮಿಷಕ್ಕೊಂದು ಬಕೆಟ್ ನೀರೇನೋ ಬರುತ್ತಿತ್ತು. ಆದರೆ ಮೊದಲ ಮೂರು ಬಕೆಟ್ ತೂತಿನ ಪಾಲು. ಇವತ್ತು ಎಲ್ಲವೂ ತೂತಿನ ಪಾಲೇ.

ಟವೆಲ್ ಸುತ್ತಿಕೊಂಡು ಕೆಳಮನೆಗೆ ಓಡಿದರು. ಅಲ್ಲಿದ್ದ ಕಟ್ಟಡದ ಸೆಕ್ರೆಟರಿ ನಿವೃತ್ತ ಗಣಿತ ಮೇಷ್ಟ್ರು. ಬದಲಿ ಪೈಪಿನ ಬೀಗದ ಕೈ ಅವರ ಸೊಂಟದಲ್ಲೇ ನೇತಾಡುತ್ತಿತ್ತು.

"ನೀರು ನಿಂತೋಯ್ತು ಸಾರ್, ತಲೆ ನೋಡಿ."

"ತಲೆ ಯಾಕೆ? ದೂರನ್ನ ಸಮೀಕರಣವಾಗಿ ಬರ್ದು ಕೊಡಿ. ಆದರ್ಶ ರೂಪದಲ್ಲಿ. x, y ಎರಡೂ ಎಡಗಡೆ, ಬರೀ ಸಂಖ್ಯೆ ಬಲಗಡೆ."

ನಿಮಿಷಕ್ಕೆ x, ಬಕೆಟ್ಟಿಗೆ y ಎಂದಿಟ್ಟು ಗುಮಾಸ್ತರು ಬರೆದರು: y = x/2 − 3.

"ಪಾಪ, x ಒಬ್ಬನನ್ನ ಆಚೆ ಯಾಕೆ ನಿಲ್ಸಿದೀರಿ? ಎಡಕ್ಕೆ ಕರ್ಕೊಂಡ್ ಬನ್ನಿ."

ಕರೆತಂದರು. −x/2 + y = −3.

"ಭಿನ್ನರಾಶಿ. ಅರ್ಧಂಬರ್ಧ ದೂರು ನಾನು ತಗೊಳಲ್ಲ."

ಮೆಟ್ಟಿಲಿಳಿಯುತ್ತಿದ್ದ ವಕೀಲರು ನಿಂತಲ್ಲಿಂದಲೇ ವಾದ ಹೂಡಿದರು. "ಎರಡರಿಂದ ಗುಣಿಸ್ರೀ. ಇಷ್ಟೂ ಗೊತ್ತಾಗಲ್ವಾ?"

−x + 2y = −6.

"ಶುರುವಿನಲ್ಲೇ ಮೈನಸ್ಸಾ? ಸಿಡುಕು ಮುಖದ ದೂರು. ಪ್ಲಸ್ ಮಾಡ್ಕೊಂಡ್ ಬನ್ನಿ," ಎಂದರು ಮೇಷ್ಟ್ರು.

ಅಷ್ಟರಲ್ಲಿ ನೊರೆ ಹುಬ್ಬು ದಾಟಿ ಕಣ್ಣಿಗಿಳಿಯಿತು. ಗುಮಾಸ್ತರು ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಕುಣಿದರು. ಆಗ ಆಪದ್ಬಾಂಧವನಂತೆ ಬಂದವರು ಎದುರುಮನೆಯ ಹಲ್ಲಿನ ಡಾಕ್ಟರು, ತಲೆಗೊಂದು ಟವೆಲ್ ರುಮಾಲು ಬಿಗಿದುಕೊಂಡು.

"ಕಣ್ಣು ಮುಚ್ಕೊಳಿ. ನೋವೇ ಆಗಲ್ಲ. ಚಿಹ್ನೆ ನಾನು ಬದಲಾಯಿಸ್ತೀನಿ, ನೀವು ಸಹಿ ಹಾಕಿ ಸಾಕು."

ಗುಮಾಸ್ತರು ಕುರುಡಾಗಿ ಸಹಿ ಗೀಚಿದರು. ಮೇಷ್ಟ್ರು ಸೀಲು ಗುದ್ದಿದರು.

"x − 2y = −6. ಆಹಾ, ಅಪ್ಪಟ ಆದರ್ಶ ರೂಪ. ಈಗ ಬಿಡಿಸೋಣ. ನಲ್ಲಿ ತಿರುಗಿಸದೇ ಇದ್ರೆ x ಸೊನ್ನೆ. ಆಗ y? ಮೂರು. ಅಂದ್ರೆ ನಲ್ಲಿ ಮುಟ್ಟದೇನೇ ನಿಮ್ಮನೇಲಿ ಮೂರು ಬಕೆಟ್ ನೀರು. ಇದನ್ನ ದೂರು ಅಂತಾರೇನ್ರೀ? ಜಂಬ ಅಂತಾರೆ."

"ಅಯ್ಯೋ, ಆರರ ಮೈನಸ್ಸೂ ಪ್ಲಸ್ ಆಗ್ಬೇಕಿತ್ತು ಸಾರ್. ಡಾಕ್ಟ್ರು ಎಡಗಡೆ ಮಾತ್ರ ಬದಲಾಯಿಸಿದಾರೆ."

"ಸೀಲು ಬಿದ್ದ ಮೇಲೆ ಚಿಹ್ನೆ ಬದಲಾಗಲ್ಲ. ಹೆಚ್ಚುವರಿ ನೀರನ್ನ ಹಂಚ್ಕೋಬೇಕು ಅಂತ ನಿಯಮಾನೂ ಇದೆ," ಎಂದ ಮೇಷ್ಟ್ರು ಕಾಗದವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು.

ಗುಮಾಸ್ತರು ಗೋಡೆ ತಡವಿಕೊಂಡು ಮೆಟ್ಟಿಲು ಹತ್ತಿದರು. ಅವರ ಬಾಗಿಲ ಮುಂದೆ ಡಾಕ್ಟರು ಆಗಲೇ ನಿಂತಿದ್ದರು, ಎದುರಿಗೆ ಮೂರು ಖಾಲಿ ಬಕೆಟ್ ಸಾಲಾಗಿ ಜೋಡಿಸಿಕೊಂಡು. ರುಮಾಲು ಬಿಚ್ಚಿಕೊಂಡಿತ್ತು. ಒಳಗೆ ತಲೆ ತುಂಬ ನೊರೆ.

"ನಮ್ಮನೇಲೂ ನಿಂತೋಯ್ತು ಕಣ್ರೀ," ಎಂದರು ಡಾಕ್ಟರು. "ಬೇಗ ಸುರೀರಿ. ಹತ್ತೂವರೆಗೆ ನನಗೂ ಕ್ಲಿನಿಕ್ಕು."