ಪರಾತದಲ್ಲಿ ಆಲ

ಆಲದ ಮರವನ್ನು ಗಿಡ್ಡ ಮಾಡುವುದು ಏನು ಮಹಾ ಕೆಲಸ ಎಂದು ನಾನು ನಂಬಿದ್ದ ಕಾಲ ಅದು. ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದವನಿಗೆ, ಬೆಳೆಯುವುದನ್ನು ಬೆಳೆಯದಂತೆ ತಡೆಯುವ ವಿದ್ಯೆ ಹೊಸದೇನಲ್ಲ. ಎಷ್ಟೋ ಅರ್ಜಿಗಳು ನನ್ನ ಮೇಜಿನ ಮೇಲೆ ಮೊಳಕೆಯೊಡೆದು ಅಷ್ಟಕ್ಕೇ ನಿಂತಿದ್ದವು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ಅಣ್ಣ. ಬನಹಟ್ಟಿಯಲ್ಲಿ ಅವನದು ನೂಲಿನ ವ್ಯಾಪಾರ. ಮುಂಬಯಿಯಿಂದ ತಂದ ಜಪಾನಿ ನೂಲಿನ ಗಂಟಿನ ಮೇಲೆ ಬಣ್ಣದ ಚಿತ್ರವೊಂದನ್ನು ಅಂಟಿಸಿದ್ದರು. ತಟ್ಟೆಯಂಥ ಪಾತ್ರೆಯಲ್ಲಿ ಒಂದು ಮುದಿ ಮರ. ಬೇರು, ಗಂಟು, ಕೊಂಬೆ ಎಲ್ಲ ದೊಡ್ಡ ಮರದ್ದೇ. ಎತ್ತರ ಮಾತ್ರ ಒಂದು ಮೊಳ.

"ಬೇರು ಕತ್ತರಸೂದು, ಟೊಂಗಿಗೆ ತಂತಿ ಬಿಗಿಯೂದು, ಹೊಟ್ಟಿಗೆ ಕಡಿಮಿ ಹಾಕೂದು. ಇಷ್ಟ ಅಂತ" ಎಂದು ಮುಂಬಯಿಯ ದಲ್ಲಾಳಿ ಹೇಳಿದ ವಿದ್ಯೆಯನ್ನು ಅವನು ನನಗೆ ಧಾರೆಯೆರೆದ.

ಮರುದಿನವೇ ನಾನು ಕಚೇರಿಯಲ್ಲಿ, ಸಂಸ್ಥಾನದ ಆಡಳಿತ ನೋಡುವ ಕಾರಭಾರಿ ಸಾಹೇಬರ ಮುಂದೆ ಬಾಯಿ ಬಿಟ್ಟೆ. ಸಾಹೇಬರಿಗೆ ಹೂಗಿಡಗಳ ಹುಚ್ಚು. ಮುಂದಿನ ವರ್ಷ ರಾಜಸಾಹೇಬರ ಹುಟ್ಟುಹಬ್ಬದ ಹೂವಿನ ಪ್ರದರ್ಶನಕ್ಕೆ ಅಂಗೈ ಮೇಲೆ ಆಲದ ಮರ ಹೊತ್ತು ತರುತ್ತೇನೆಂದು ಮಾತು ಕೊಟ್ಟೆ. ಆಗ ನಮ್ಮ ಕಚೇರಿಯಲ್ಲಿ ಎಲ್ಲ ಕಾರಕೂನರ ಮೇಲಿನ ಅವ್ವಲ ಕಾರಕೂನನ ಕುರ್ಚಿ ಖಾಲಿಯಾಗುವುದರಲ್ಲಿತ್ತು.

"ತಂದು ತೋರಸ್ರಿ. ಆಮ್ಯಾಲ ನಿಮ್ಮ ಕುರ್ಚಿ ವಿಚಾರ ಮಾಡೂಣು" ಎಂದರು ಸಾಹೇಬರು.

ಮನೆಗೆ ಬರುವಾಗಲೇ ನಾನು ಅರ್ಧ ಅವ್ವಲ ಆಗಿದ್ದೆ. ಬಾವಿಕಟ್ಟೆಯ ಬಿರುಕಿನಲ್ಲಿ ಹುಟ್ಟಿದ್ದ ಗೇಣುದ್ದದ ಆಲದ ಸಸಿಯನ್ನು ಕಿತ್ತು ತಂದಿದ್ದೆ.

"ಏನಂತಾರ್ರೀ ಇದಕ್ಕ?" ಹೆಂಡತಿ ರುಕ್ಮವ್ವ ಕೇಳಿದಳು.

"ಬೋನ್ಸಾಯ್."

ಅವಳ ಮುಖ ಕಪ್ಪಿಟ್ಟಿತು. "ಬೋನಿನ್ಯಾಗ ಸಾಯ್?"

ಇಲಿ ಹಿಡಿಯುವ ಬೋನನ್ನು ಬಿಟ್ಟರೆ ಬೇರೆ ಬೋನು ಅವಳಿಗೆ ಗೊತ್ತಿರಲಿಲ್ಲ. "ಅದು ಜಪಾನಿ ಭಾಷಾ" ಎಂದೆ.

"ಯಾವ ಭಾಷಾದಾಗರ ಇರಲ್ರಿ, ಸಾಯ್ ಅಂದ್ರ ಸಾಯ್. ಮನಿಯಾಗ ತರಬ್ಯಾಡ್ರಿ."

ನಾನು ನಕ್ಕೆ. ಆಗಿನ್ನೂ ನಗುವ ಧೈರ್ಯವಿತ್ತು.

ಅಗಲವಾದ ಪಾತ್ರೆ ಬೇಕಿತ್ತು. ಅವಳು ತವರಿನಿಂದ ತಂದ, ರೊಟ್ಟಿ ಹಿಟ್ಟು ನಾದುವ ಹಿತ್ತಾಳೆಯ ಪರಾತ ಕಣ್ಣಿಗೆ ಬಿತ್ತು. ನೀರು ಬಸಿಯಲಿ ಎಂದು ತಳಕ್ಕೆ ದೊಡ್ಡ ದೊಡ್ಡ ತೂತು ಕೊರೆದೆ. ಸಂಜೆ ಪರಾತ ಹುಡುಕಿದ ರುಕ್ಮವ್ವ ಅದರಲ್ಲಿ ಹಿಟ್ಟಿನ ಬದಲು ಮಣ್ಣು ಕಂಡಳು. ಅಂದಿನಿಂದ ಅವಳು ನನ್ನನ್ನೂ ಸಸಿಯನ್ನೂ ಒಂದೇ ಕಣ್ಣಿನಿಂದ ನೋಡತೊಡಗಿದಳು. ಆ ಕಣ್ಣು ಚೆನ್ನಾಗಿರಲಿಲ್ಲ.

ಹಿತ್ತಲ ಕಟ್ಟೆಯ ಮೇಲೆ ಕೂತು ನಾನು ಬೇರು ಕತ್ತರಿಸಿ, ಟೊಂಗೆಗಳ ಕುತ್ತಿಗೆ ತಿರುವಿ ತಾಮ್ರದ ತಂತಿ ಬಿಗಿದೆ. ಗೋಡೆಯಾಚೆಯಿಂದ ಪಕ್ಕದ ಮನೆಯ ಬಾಳಪ್ಪ ಮಾಸ್ತರ ಇಣುಕಿದ.

"ಏನ್ ನಡಸೀರಿ ಕಾರಕೂನರ?"

"ಒಬ್ಬನ ಸೊಕ್ಕ ಮುರಿಯಾಕತ್ತೇನಿ" ಎಂದೆ ತಮಾಷೆಗೆ. ಮಾಸ್ತರನ ತಲೆ ಗೋಡೆಯಾಚೆ ಮಾಯವಾಯಿತು.

ಕೆಲವು ತಿಂಗಳು ಕಳೆದವು. ಸದರಿ ಸಸಿ ಗಿಡ್ಡವಾಗುವ ಯಾವ ಲಕ್ಷಣವನ್ನೂ ತೋರಲಿಲ್ಲ. ನಾನು ಹೊಟ್ಟೆಗೆ ಕಡಿಮೆ ಹಾಕಿದಷ್ಟೂ ಅದು ಮೈ ತುಂಬಿಕೊಂಡಿತು. ಬಿಗಿದ ತಂತಿ ಮರುದಿನಕ್ಕೆ ಸಡಿಲವಾಗುತ್ತಿತ್ತು. ಒಂದು ಶುಕ್ರವಾರ ನೋಡಿದರೆ ಬುಡಕ್ಕೆ ಅರಿಷಿಣದ ದಾರ, ಕುಂಕುಮ, ನಾಲ್ಕು ಅಕ್ಕಿ ಕಾಳು!

ಮಾಟ ಮಂತ್ರ ನಂಬುವ ಮನುಷ್ಯ ನಾನಲ್ಲ. ಆದರೂ ಬೆವರಿದೆ. ನನ್ನ ಕುರ್ಚಿ ತಪ್ಪಿಸಲು ಯಾರೋ ಹೊಂಚು ಹಾಕಿದ್ದಾರೆ. ಯಾರು? ಗೋಡೆಯ ಮೇಲಿಂದ ಇಣುಕಿದವನು ಒಬ್ಬನೇ.

ಕಚೇರಿಯ ಪದ್ಧತಿಯಂತೆ ಚೌಕಶಿ ಆರಂಭಿಸಿದೆ. ಪರಾತದ ಸುತ್ತ ಜೋಳದ ಹಿಟ್ಟು ಉದುರಿಸಿ ಹೆಜ್ಜೆ ಗುರುತಿಗಾಗಿ ಕಾದೆ. ಬೆಳಗ್ಗೆ ಹಿಟ್ಟಿನಲ್ಲಿ ರುಕ್ಮವ್ವನ ಹೆಜ್ಜೆಗಳು ಮಾತ್ರ ಇದ್ದವು. ಅವಳು ಮನೆಯವಳು, ಆದ್ದರಿಂದ ಅವನ್ನು ಬಿಟ್ಟೆ. ಉಳಿದಂತೆ ಯಾವ ಗುರುತೂ ಇಲ್ಲವಾದ್ದರಿಂದ, ಮಾಸ್ತರ ನೆಲ ಮುಟ್ಟದೆ ಬಂದು ಹೋಗಿದ್ದಾನೆಂದು ರುಜುವಾತಾಯಿತು.

ಅಷ್ಟರಲ್ಲಿ ಪರಾತ ಕಟ್ಟೆಯಿಂದ ಇಳಿದು ಬಚ್ಚಲ ನೀರು ಹರಿಯುವ ಹಸಿ ನೆಲಕ್ಕೆ ಬಂದಿತ್ತು. "ಕಟ್ಟಿ ಸಾರಸೂದಿತ್ರಿ, ಅದಕ್ಕ ಇಳಿಸೀನಿ. ಅಲ್ಲೇ ಇರಲಿ, ನೆರಳೈತಿ" ಎಂದಳು ರುಕ್ಮವ್ವ. ಇರಲಿ ಎಂದೆ. ನನ್ನ ಸಂಶಯವೆಲ್ಲ ಗೋಡೆಯಾಚೆ ಖರ್ಚಾಗಿ ಹೋಗಿತ್ತು.

ಪ್ರದರ್ಶನದ ಹಿಂದಿನ ದಿನ, ಇದ್ದದ್ದಾದರೂ ಉಳಿಯಲಿ ಎಂದು ಟೊಂಗೆಗೆ ಲಿಂಬೆಹಣ್ಣು ಕಟ್ಟಿದೆ. ಸ್ವಲ್ಪ ಹೊತ್ತಿಗೇ ಬಾಳಪ್ಪ ಮಾಸ್ತರ ಬಾಗಿಲಿಗೆ ಬಂದ. ಕುತ್ತಿಗೆ ಎಡಕ್ಕೆ ವಾಲಿತ್ತು.

"ಕಾರಕೂನರ, ನಿಮಗ ನಾ ಏನ್ ಮಾಡೇನಿ? ನೀವು ಆ ಗಿಡಕ್ಕ ತಂತಿ ಬಿಗಿದಾಗಿಂದ ನನ್ನ ಕುತ್ತಿಗಿ ಹೊಳ್ಳವಲ್ದು. ಈಗ ಲಿಂಬಿಹಣ್ಣು ಬ್ಯಾರೆ."

"ಕುಂಕುಮ ಹಚ್ಚಿದವರು ನೀವು, ಮತ್ತ ನನಗ ಜಬಾಬ ಕೇಳ್ತೀರಿ?"

"ನಾ ಯಾಕ ಹಚ್ಚಲಿ? ಸೊಕ್ಕ ಮುರಿತೀನಿ ಅಂದವರು ಯಾರು?"

ಓಣಿಯ ಜನ ನಿಂತು ನೋಡತೊಡಗಿದರು. ಕೈ ಕೈ ಮಿಲಾಯಿಸುವ ಹೊತ್ತಿಗೆ ಒಳಗಿನಿಂದ ರುಕ್ಮವ್ವ ಬಂದು ನಡುವೆ ನಿಂತಳು.

"ತಂತಿ ಸಡಲ ಮಾಡಿದಾಕಿ ನಾ. ಗೊಬ್ಬರ ಹಾಕಿದಾಕಿ ನಾ. ದಾರ ಕಟ್ಟಿದಾಕೀನೂ ನಾನ." ಅವಳು ನನ್ನ ಕಡೆ ತಿರುಗಿದಳು. "ಕಾರಹುಣ್ಣಿಮಿಗೆ ಆಲದ ಗಿಡಕ್ಕ ದಾರ ಸುತ್ತಿ ನಿಮ್ಮ ಆಯುಷ್ಯ ಬೇಡತೀನಿ. ನೀವು ನೋಡಿದ್ರ ಅದರ ಬೇರ ಕತ್ತರಸ್ತೀರಿ. ಗಿಡ್ಡ ಮಾಡ್ತೀನಿ ಅಂತೀರಿ. ಮ್ಯಾಲ ಅದಕ್ಕ ಸಾಯ್ ಅಂತ ಕರೀತೀರಿ. ನಾ ಸುಮ್ಮನ ಕುಂದರ್ಲಿ?"

ಇಷ್ಟು ದಿನ ಒಬ್ಬಳೇ ಹೆದರಿಕೊಂಡು ನನ್ನ ಜೀವ ಕಾದಿದ್ದಳು. ಮಾಸ್ತರನೂ ತಲೆ ತಗ್ಗಿಸಿದ, ಎಡಕ್ಕೆ. ಆದರೆ ನಾಳೆ ಕಾರಭಾರಿ ಸಾಹೇಬರಿಗೆ ಏನು ತೋರಿಸಲಿ?

"ಒಂದ ದಿನ ಒಯ್ದು ತರ್ತೀನಿ. ಆಮ್ಯಾಲ ನೀ ಹೇಳಿದಲ್ಲಿ ಹಚ್ಚೂಣು" ಎಂದು ಅಂಗಲಾಚಿದೆ. ಅವಳು ಹೂಂ ಎಂದಳು.

ಬೆಳಗ್ಗೆ ಸಾಹೇಬರು ಕಳಿಸಿದ ಟಾಂಗಾ ಬಾಗಿಲಿಗೆ ಬಂತು. ನಾನು ರುಮಾಲು ಸುತ್ತಿಕೊಂಡು ಪರಾತ ಎತ್ತಲು ಬಾಗಿದೆ. ಪರಾತ ಏಳಲಿಲ್ಲ. ನಾನು ಕೊರೆದ ತೂತುಗಳಲ್ಲೇ ಬೇರು ಇಳಿಸಿ, ಬಚ್ಚಲ ನೀರು ಕುಡಿದು, ಆಲ ನೆಲ ಹಿಡಿದಿತ್ತು. ಮಾಸ್ತರನನ್ನು ಕರೆದೆ. ಇಬ್ಬರೂ ಎರಡು ಕಡೆ ಹಿಡಿದು ಜಗ್ಗಿದೆವು. ಕಟಕ್ ಎಂದು ಸಪ್ಪಳವಾಯಿತು. ಬೇರು ಹರಿಯಿತೆಂದುಕೊಂಡೆ. ಹರಿದಿರಲಿಲ್ಲ. ಮಾಸ್ತರನ ಕುತ್ತಿಗೆ ನೆಟ್ಟಗಾಗಿತ್ತು.

ಬರಿಗೈಯಲ್ಲಿ ಹೋಗಿ ಸಾಹೇಬರ ಮುಂದೆ ನಿಂತೆ.

"ಎಲ್ಲೈತ್ರಿ ಅಂಗೈ ಮ್ಯಾಲಿನ ಆಲ?"

"ಸಾಹೇಬ್ರ, ಅದು ಇದ್ದ ಜಾಗಾ ಬಿಟ್ಟು ಏಳವಲ್ದು."

"ಹಂಗಾರ ನೀವೂ ಇದ್ದಲ್ಲೇ ಕೂಡ್ರಿ" ಎಂದರು.

ಕೂತೆ. ಕಾರಭಾರಿಗಳು ಬದಲಾದರು, ಕೊನೆಗೆ ಸಂಸ್ಥಾನವೇ ವಿಲೀನವಾಯಿತು, ನಾನು ಕಾರಕೂನನೇ. ಆಲ ಮಾಳಿಗೆ ದಾಟಿದೆ. ಕಾರಹುಣ್ಣಿಮೆಗೆ ಓಣಿಯ ಹೆಂಗಸರೆಲ್ಲ ಅದಕ್ಕೆ ದಾರ ಸುತ್ತುತ್ತಾರೆ, ಮಾಸ್ತರನ ಹೆಂಡತಿಯೂ. ರುಕ್ಮವ್ವ ತಲೆಯೆತ್ತಿ ತುದಿ ನೋಡಿ, "ನೋಡ್ರಿ, ನಿಮ್ಮ ಆಯುಷ್ಯ ಎಷ್ಟು ಬೆಳದೈತಿ" ಎನ್ನುತ್ತಾಳೆ. ನಾನು ತಲೆ ತಗ್ಗಿಸಿ ಬುಡ ನೋಡುತ್ತೇನೆ. ಹಿತ್ತಾಳೆಯ ಅಂಚು ಅಲ್ಲಿ ಇನ್ನೂ ಹೊಳೆಯುತ್ತದೆ. ಬೆಳೆಯದೆ ನಿಂತ ನನ್ನ ಹುದ್ದೆ ಆ ಪರಾತದಲ್ಲೇ ಇದೆ.