ತಬೂಕಿನ ಹಿಮದಲ್ಲಿ ನನ್ನ ಜಾರಾಟ

ಮರುಭೂಮಿಗೆ ದುಡಿಯಲು ಹೋದವನು ಹಿಮದಲ್ಲಿ ಬಿದ್ದು ಬಂದೆ ಎಂದರೆ ಮಂಗಳೂರಿನಲ್ಲಿ ಯಾರೂ ನಂಬುವುದಿಲ್ಲ. ನನಗಾದರೋ ಎಂಬತ್ತರ ದಶಕದಲ್ಲಿ ಅದು ಚಳಿಗಾಲದ ವಾಡಿಕೆಯೇ ಆಗಿಬಿಟ್ಟಿತ್ತು. ಸೌದಿಯ ಉತ್ತರದ ತುದಿಯ ತಬೂಕಿನಲ್ಲಿ, ರಸ್ತೆ ಕಂಪೆನಿಯೊಂದರಲ್ಲಿ ನಾನು ಸ್ಟೋರ್ ಕೀಪರ್. ಬೆಟ್ಟದ ಮೇಲೆ ಹಿಮ ಬಿದ್ದರೆ ಸಾಕು, ನಮ್ಮ ಯುರೋಪಿನ ಇಂಜಿನಿಯರುಗಳು ಜಾರುಹಲಗೆಯ ಪಂದ್ಯ ಇಡುತ್ತಿದ್ದರು. ಹಲಗೆಯ ಮೇಲೆ ಕೂತು ಇಳಿಜಾರಿನಲ್ಲಿ ಜಾರಿ, ಕೆಳಗಿನ ಕೆಂಪು ಹಗ್ಗ ದಾಟಬೇಕು. ನನಗೆ ಗೆಲ್ಲುವ ಆಸೆಯೇನೂ ಇರಲಿಲ್ಲ. ಹಗ್ಗದ ಪಕ್ಕ ಕಾಯುವ ಪುಟ್ಟ ಮಗಳ ಎದುರು ಕೊನೆಯವನಾಗಬಾರದು, ಅಷ್ಟೇ.

೧. ಅಮ್ಮನ ಕ್ಯಾಸೆಟ್

ಆಗ ಊರಿನಿಂದ ಕಾಗದದ ಬದಲು ಕ್ಯಾಸೆಟ್ ಬರುತ್ತಿತ್ತು. ಜಾರಾಟದ ಸುದ್ದಿಯನ್ನು ನಾನು ಮೊದಲೇ ಹೇಳಿ ಕಳಿಸಿದ್ದೆ; ಮೊದಲ ಪಂದ್ಯದ ಹಿಂದಿನ ದಿನ ಕ್ಯಾಸೆಟ್ಟಿನಲ್ಲಿ ಅಮ್ಮನ ದನಿ ಬಂತು. ಹಿನ್ನೆಲೆಯಲ್ಲಿ ಕೋಳಿ ಬೇರೆ ಕೂಗುತ್ತಿತ್ತು.

"ಜಾರುವುದಾದರೆ ಜಾರು ಮಗಾ. ಆದರೆ ಹಿಂದಿನಿಂದ ಬರುವವರಿಗೆ ದಾರಿ ಬಿಟ್ಟುಕೊಡು. ಪಾಪ, ಅವರಿಗೆ ಎಂತ ಅರ್ಜೆಂಟ್ ಉಂಟೋ."

ಪಂದ್ಯದಲ್ಲಿ ಇದ್ದವರು ಆರು ಜನ. ಅಮ್ಮನ ಮಾತು ಮೀರಿದವನಲ್ಲ ನಾನು. ಐದು ಜನರಿಗೂ ದಾರಿ ಬಿಟ್ಟುಕೊಟ್ಟೆ.

೨. ಊರಿನ ಎಣ್ಣೆ

ಎರಡನೆಯ ವರ್ಷ ನಾನೇ ತಲೆ ಓಡಿಸಿದೆ. ಜಾರಬೇಕಾದರೆ ಎಣ್ಣೆ ಹಚ್ಚಿದರಾಯಿತಲ್ಲ! ರಜೆಯಲ್ಲಿ ತಂದಿದ್ದ ಡಬ್ಬಿಯ ತೆಂಗಿನೆಣ್ಣೆಯನ್ನು ಹಲಗೆಯ ಅಡಿಗೆ ಧಾರಾಳವಾಗಿ ಬಳಿದೆ. ನಮ್ಮ ಕಡಲತೀರದಲ್ಲಿ ಅದು ಗಟ್ಟಿಯಾಗುವುದನ್ನು ಯಾರು ಕಂಡಿದ್ದಾರೆ? ಬೆಟ್ಟದ ಮೇಲೆ ಎಣ್ಣೆ ಹೆಪ್ಪುಗಟ್ಟಿ, ಹಿಮವೆಲ್ಲ ಅಡಿಗೆ ಅಂಟಿಕೊಂಡಿತು. ಎಲ್ಲರೂ ಕೆಳಗೆ ಚಹಾ ಕುಡಿಯುತ್ತಿದ್ದರೆ ನಾನಿನ್ನೂ ದೋಣಿ ನಡೆಸುವವನಂತೆ ಎರಡೂ ಕೈಯಲ್ಲಿ ಹಿಮ ತಳ್ಳುತ್ತಿದ್ದೆ.

ಹೆಂಡತಿ ಸಮಾಧಾನ ಮಾಡಿದಳು: "ಬಿಡಿ. ಎಣ್ಣೆ ಊರಿನದ್ದಲ್ವಾ, ಅದಕ್ಕೂ ಇಲ್ಲಿಯ ಚಳಿ ಅಭ್ಯಾಸ ಇಲ್ಲ."

೩. ಆಶೀರ್ವದಿಸಿದ ಮೇಣ

ಮೂರನೆಯ ವರ್ಷ ಮಗಳು, "ಪಪ್ಪಾ, ಪ್ಲೀಸ್, ಈ ಸಲ ಲಾಸ್ಟ್ ಬರಬೇಡಿ" ಎಂದಳು.

ಹೆಂಡತಿ ಪೆಟ್ಟಿಗೆ ತೆಗೆದಳು. ಬಟ್ಟೆಗಳ ನಡುವೆ ಅವಳ ತಾಯಿ ಕೊಟ್ಟ, ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಮೇಣದ ಬತ್ತಿ ಇತ್ತು. ಗುಡುಗು ಸಿಡಿಲಿನ ದಿನ ಮಾತ್ರ ಅದನ್ನು ಹಚ್ಚುವುದು. ಅದನ್ನು ಹಲಗೆಯ ಅಡಿಗೆ ತಿಕ್ಕತೊಡಗಿದಳು.

"ಎಲ್ಲ ಮುಗಿಸಬೇಡ ಮಾರಾಯ್ತಿ! ಸಿಡಿಲು ಬಂದರೆ?"

"ಮಗಳ ಮುಖ ನೋಡಿದ್ದೀರಾ? ಇದಕ್ಕಿಂತ ದೊಡ್ಡ ಸಿಡಿಲು ಎಂತ ಉಂಟು?"

ಆ ಹೊತ್ತು ಅವಳ ಮೇಲೆ ಉಕ್ಕಿದ ಪ್ರೀತಿಯನ್ನು ಹೇಳಲು ನನಗೆ ಈಗಲೂ ಬರುವುದಿಲ್ಲ.

ಮರುದಿನ ಹಲಗೆ ಹಾರಿತು ಎಂದೇ ಹೇಳಬೇಕು. ಅರ್ಧದಾರಿಯಲ್ಲಿ ಐವರನ್ನೂ ಹಿಂದೆ ಹಾಕಿದ್ದೆ. ಅಷ್ಟರಲ್ಲಿ ಒಂದು ದಿಬ್ಬ. ನಾನು ಮೇಲಕ್ಕೆ ಹೋದೆ, ಹಲಗೆ ಮುಂದಕ್ಕೆ ಹೋಯಿತು. ನಾನು ಉರುಳಿ ಉರುಳಿ ಹಗ್ಗ ಮುಟ್ಟುವಾಗ ಅಲ್ಲಿ ನಿಂತಿದ್ದ ಮೀಸೆಯ ತೀರ್ಪುಗಾರರೊಬ್ಬರು ಘೋಷಿಸಿ ಆಗಿತ್ತು: "ಹಲಗೆ ಫಸ್ಟ್, ಮನುಷ್ಯ ಲಾಸ್ಟ್."

ಮಗಳು ಅಳುತ್ತಾಳೆಂದು ಹೆದರಿದೆ. ಅವಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. "ಪಪ್ಪಾ, ನಮ್ಮ ಹಲಗೆ ಫಸ್ಟ್!" ನನ್ನ ಕಣ್ಣು ತುಂಬಿತು.

ಹೆಂಡತಿ ಮಾತ್ರ ಸಪ್ಪಗೆ ನನ್ನ ಕಿವಿಯೊಳಗಿನ ಹಿಮ ತೆಗೆಯುತ್ತಿದ್ದಳು.

"ಎಂತ, ಬೇಜಾರಾ?"

"ತಪ್ಪು ನನ್ನದೇ. ಹಲಗೆ ಗೆಲ್ಲಲಿ ಅಂತ ವಾರವಿಡೀ ದೇವರಲ್ಲಿ ಬೇಡಿದೆ. ಅದರ ಮೇಲೆ ನೀವೂ ಇರಬೇಕು ಅಂತ ಹೇಳಲಿಕ್ಕೇ ಮರೆತುಹೋಯಿತು."